ಕುಂಬಾರ, ನೇಕಾರ, ಬಡಗಿ: ಈಶ್ವರಕರ್ತೃತ್ವದ ಮೂರು ದೃಷ್ಟಾಂತಗಳು

೧

ಬೇಲೂರಿನ ಕೇಶವನ ಸ್ತುತಿಯೆಂದು ಪ್ರಸಿದ್ಧವಾಗಿರುವ ಸಂಸ್ಕೃತ ಶ್ಲೋಕವೊಂದುಂಟು. ಒಂದೇ ಪರತತ್ತ್ವವನ್ನು ಬೇರೆ ಬೇರೆ ಮತದವರು ಬೇರೆ ಬೇರೆ ಹೆಸರುಗಳಿಂದ ಉಪಾಸಿಸುವರೆಂಬುದು ಅದರ ತಾತ್ಪರ್ಯ. ಮತಸಮನ್ವಯಕ್ಕೆ ನಿದರ್ಶನವಾಗಿ ಅದನ್ನು ಎತ್ತಿ ಹೇಳುವುದು ವಾಡಿಕೆ. ಶಿವ, ಬ್ರಹ್ಮ, ಬುದ್ಧ, ಅರ್ಹಂತ ಎಂಬ ಹೆಸರುಗಳ ನಡುವೆ ಇನ್ನೆರಡು ಹೆಸರುಗಳು ಅದರಲ್ಲಿ ಸೇರಿವೆ. ಅವುಗಳ ಕಡೆಗೆ ಓದುಗರ ಗಮನ ಅಷ್ಟಾಗಿ ಹೋಗುವುದಿಲ್ಲ. ನೈಯಾಯಿಕರು ಆ ತತ್ತ್ವವನ್ನು ಕರ್ತೃವೆಂದು ಕರೆಯುವರು. ಮೀಮಾಂಸಕರು ಕರ್ಮವೆಂದು ಕರೆಯುವರು. ಲೋಕವು ನಡೆಯುತ್ತಿರುವುದು ಕರ್ತೃವೊಬ್ಬನ ಸಂಕಲ್ಪದಿಂದಲೋ, ಜೀವರು ಮಾಡಿದ ಕರ್ಮದ ಬಲದಿಂದಲೋ ಎಂಬ ಬಹುಕಾಲದ ವಿವಾದವು ಈ ಎರಡು ಶಬ್ದಗಳಲ್ಲಿ ಅಡಗಿದೆ.

ಹಳೆಯ ಕಾವ್ಯಗಳನ್ನು ಪಾಠ ಹೇಳುವಾಗ 'ಕರ್ತಾರ', 'ಸೃಷ್ಟಿಕರ್ತ' ಮೊದಲಾದ ಪದಗಳಿಗೆ 'ಲೋಕವನ್ನು ಉಂಟುಮಾಡಿದವನು' ಎಂದು ಅರ್ಥ ಬರೆದು ಮುಂದೆ ಸಾಗುವುದು ಸಾಮಾನ್ಯ. ಈ ಅರ್ಥ ತಪ್ಪಲ್ಲ, ಆದರೆ ಸಾಲದು. 'ಉಂಟುಮಾಡಿದವನು' ಎಂಬ ಭೂತಕಾಲದ ರೂಪವೇ ಇಲ್ಲಿ ತೊಡಕನ್ನು ತರುತ್ತದೆ. ಎಂದೋ ಒಂದು ದಿನ ಕೆಲಸವನ್ನು ಮುಗಿಸಿ ಕೈ ತೊಳೆದುಕೊಂಡವನೊಬ್ಬನ ಚಿತ್ರವು ಅದರಿಂದ ಮನಸ್ಸಿಗೆ ಬರುವುದು. ನಮ್ಮ ದೇಶದ ಆಸ್ತಿಕದರ್ಶನಗಳಲ್ಲಾಗಲಿ, ಅವುಗಳನ್ನು ಆಶ್ರಯಿಸಿ ಬೆಳೆದ ಕನ್ನಡ ಭಕ್ತಿಸಾಹಿತ್ಯದಲ್ಲಾಗಲಿ ಕರ್ತೃವು ಅಂತಹವನಲ್ಲ. ಮಾಡಿದುದನ್ನು ಬಿಡದೆ ಹಿಡಿದಿರುವುದೇ ಅವನ ಕರ್ತೃತ್ವದ ಮುಖ್ಯಾಂಶ. ಹಾಗೆ ಒಪ್ಪಿದೊಡನೆ ಬೇರೊಂದು ಪ್ರಶ್ನೆ ತಲೆಯೆತ್ತುತ್ತದೆ: ಎಲ್ಲವನ್ನೂ ಅವನೇ ನಡೆಸುವನಾದರೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯೇನು? ತಪ್ಪಿನ ಹೊಣೆ ಯಾರದು? ಶಾಸ್ತ್ರಕಾರರು ಈ ವಿಚಾರವನ್ನು ಮೂವರು ಕಸುಬುದಾರರ ದೃಷ್ಟಾಂತಗಳಿಂದ ನಡೆಸಿರುವರು. ಕುಂಬಾರ, ನೇಕಾರ, ಬಡಗಿ ಎಂಬ ಆ ಮೂರು ದೃಷ್ಟಾಂತಗಳನ್ನು ಕ್ರಮವಾಗಿ ಪರಿಶೀಲಿಸಿ, ಅವು ಕನ್ನಡ ಸಾಹಿತ್ಯದ ಅಧ್ಯಯನಕ್ಕೆ ಹೇಗೆ ಉಪಕಾರಕವಾಗುವುವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ಕುಂಬಾರನ ದೃಷ್ಟಾಂತವು ನ್ಯಾಯದರ್ಶನಕ್ಕೆ ಸೇರಿದುದು. ಮಡಕೆಯು ಕಾರ್ಯ, ಅರ್ಥಾತ್ ಹಿಂದೆ ಇಲ್ಲದೆ ಆಮೇಲೆ ಉಂಟಾದ ವಸ್ತು. ಆದಕಾರಣ ಅದಕ್ಕೆ ಕುಂಬಾರನೆಂಬ ಕರ್ತೃವುಂಟು. ಭೂಮಿ ಮೊದಲಾದವುಗಳೂ ಅವಯವಗಳಿಂದ ಕೂಡಿದ ಕಾರ್ಯಗಳೇ. ಆದಕಾರಣ ಅವುಗಳಿಗೂ ತಿಳಿವುಳ್ಳ ಕರ್ತೃವೊಬ್ಬನಿರಬೇಕು. ಕ್ರಿ.ಶ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಸಿದ್ಧನಾಗಿದ್ದ ಉದಯನಾಚಾರ್ಯನು 'ನ್ಯಾಯಕುಸುಮಾಂಜಲಿ'ಯಲ್ಲಿ ಈ ಅನುಮಾನವನ್ನು ಬಹು ವಿಸ್ತಾರವಾಗಿ ಸಮರ್ಥಿಸಿರುವನು. ಈ ಮತದಲ್ಲಿ ಪರಮಾಣುಗಳು ನಿತ್ಯ. ಈಶ್ವರನು ಅವುಗಳನ್ನು ಉಂಟುಮಾಡುವುದಿಲ್ಲ, ಕೂಡಿಸುತ್ತಾನೆ. ಕುಂಬಾರನಿಗೆ ಮಣ್ಣು ಹೇಗೋ ಈಶ್ವರನಿಗೆ ಪರಮಾಣುಗಳು ಹಾಗೆ. ಅವನು ನಿಮಿತ್ತಕಾರಣನೇ ಹೊರತು ಉಪಾದಾನಕಾರಣನಲ್ಲ.

ದೃಷ್ಟಾಂತದ ಬಲವೂ ದೌರ್ಬಲ್ಯವೂ ಒಂದೇ ಸ್ಥಳದಲ್ಲಿವೆ. ಮಡಕೆಯನ್ನು ನೋಡಿದವನು ಕುಂಬಾರನನ್ನು ಊಹಿಸಬಲ್ಲನು. ಆದರೆ ಮಡಕೆಯು ಕುಂಬಾರನನ್ನು ಬಿಟ್ಟು ಇರಬಲ್ಲುದು. ಸಂತೆಯಲ್ಲಿ ಕೊಂಡ ಗಡಿಗೆ ಮನೆಯಲ್ಲಿರುತ್ತದೆ; ಅದನ್ನು ಮಾಡಿದವನು ಬೇರೆ ಊರಿನಲ್ಲಿರುತ್ತಾನೆ, ಅಥವಾ ಕಾಲವಾಗಿರುತ್ತಾನೆ. ಹಾಗಾದರೆ ಲೋಕವನ್ನು ನೋಡಿ ಊಹಿಸಿದ ಕರ್ತೃವು ಈಗಲೂ ಇದ್ದಾನೆಂಬುದಕ್ಕೆ ಪ್ರಮಾಣವೇನು? ಉದಯನನು ಈ ಆಕ್ಷೇಪಕ್ಕೆ ಎಡೆಗೊಡಲಿಲ್ಲ. ಅವನ ಹೇತುಗಳ ಪಟ್ಟಿಯಲ್ಲಿ ಕಾರ್ಯತ್ವದೊಡನೆ ಧೃತಿಯೂ ಸೇರಿದೆ. ಲೋಕವು ಉಂಟಾದುದಕ್ಕೆ ಮಾತ್ರವಲ್ಲ, ಬೀಳದೆ ನಿಂತಿರುವುದಕ್ಕೂ ಧಾರಕನೊಬ್ಬನು ಬೇಕು ಎಂಬುದು ಅದರ ಭಾವ. ಮೇಲಾಗಿ, ಪುಣ್ಯಪಾಪರೂಪವಾದ ಅದೃಷ್ಟವು ಜಡ. ಜಡವಾದುದು ತಾನಾಗಿ ಯಾರಿಗೆ ಯಾವ ಫಲ ಸಲ್ಲಬೇಕೆಂದು ಅರಿಯಲಾರದು. ಅದನ್ನು ನಡೆಸಲು ಚೇತನನು ಬೇಕು. ಹೀಗೆ ನ್ಯಾಯಮತದ ಈಶ್ವರನೂ ಮಡಕೆಯನ್ನು ಮಾಡಿ ಮಾರಿದ ಕುಂಬಾರನಲ್ಲ.

ಆದರೂ ಹೊರಗೆ ನಿಂತು ಮಾಡುವವನೆಂಬ ಭಾವನೆ ಈ ದೃಷ್ಟಾಂತದಲ್ಲಿ ಉಳಿದೇ ಇರುತ್ತದೆ. ಉಪನಿಷತ್ತುಗಳ ದಾರಿ ಬೇರೆ. ಮುಂಡಕದಲ್ಲಿ ಜೇಡರಹುಳು ತನ್ನೊಳಗಿನಿಂದಲೇ ನೂಲನ್ನು ಹೊರಗೆಡಹಿ ಮತ್ತೆ ಒಳಗೆಳೆದುಕೊಳ್ಳುವ ಹೋಲಿಕೆಯುಂಟು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಉದ್ದಾಲಕ ಆರುಣಿಗೆ ಅಂತರ್ಯಾಮಿಯನ್ನು ಉಪದೇಶಿಸುತ್ತಾನೆ: ಭೂಮಿ, ನೀರು, ಅಗ್ನಿಗಳಿಂದ ಮೊದಲುಗೊಂಡು ಮನಸ್ಸು, ಪ್ರಾಣಗಳವರೆಗೆ ಒಂದೊಂದರ ಒಳಗೂ ಇದ್ದು, ಅವು ತನ್ನನ್ನು ಅರಿಯದಿದ್ದರೂ ಅವುಗಳನ್ನು ನಿಯಮಿಸುವವನು ಅವನು. ಕುಂಬಾರನು ಮಡಕೆಯ ಒಳಗೆ ಇರುವುದಿಲ್ಲ. ಅಂತರ್ಯಾಮಿಯು ಒಳಗಿಲ್ಲದಿದ್ದರೆ ವಸ್ತುವೇ ಇಲ್ಲ. ವೇದಾಂತಿಗಳೆಲ್ಲರೂ ಈ ಅಂತರ್ಯಾಮಿತ್ವವನ್ನು ಒಪ್ಪಿ, ತಮ್ಮ ತಮ್ಮ ಸಿದ್ಧಾಂತಕ್ಕೆ ತಕ್ಕಂತೆ ವ್ಯಾಖ್ಯಾನ ಮಾಡಿರುವರು.

೩

ಎರಡನೆಯ ದೃಷ್ಟಾಂತವು ಈಶ್ವರವಾದಿಗಳದಲ್ಲ, ಅವರನ್ನು ಖಂಡಿಸಿದವರದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜಿನಸೇನಾಚಾರ್ಯನು ರಚಿಸಿದ ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಸೃಷ್ಟಿವಾದದ ಖಂಡನೆಯಿದೆ. ಸೃಷ್ಟಿಗೆ ಮೊದಲು ಆ ಕರ್ತೃವು ಎಲ್ಲಿದ್ದನು? ಯಾವ ಸಾಮಗ್ರಿಯಿಂದ ಮಾಡಿದನು? ಕೃತಕೃತ್ಯನಾದವನಿಗೆ ಮಾಡಬೇಕೆಂಬ ಇಚ್ಛೆ ಹುಟ್ಟಿದುದೇಕೆ? ಕರುಣೆಯಿಂದ ಮಾಡಿದನೆಂದರೆ ಎಲ್ಲರನ್ನೂ ಸುಖಿಗಳನ್ನಾಗಿ ಮಾಡಲಿಲ್ಲವೇಕೆ? ಈ ಪ್ರಶ್ನೆಗಳ ತರುವಾಯ ಅತ್ಯಂತ ತೀಕ್ಷ್ಣವಾದ ಆಕ್ಷೇಪವು ಬರುತ್ತದೆ. ಜೀವರ ಕರ್ಮವನ್ನು ಅನುಸರಿಸಿ ಶರೀರಾದಿಗಳನ್ನು ಮಾಡುವನೆಂದು ಹೇಳಿದರೆ ಅವನು ಈಶ್ವರನೇ ಆಗಲಾರನು, ನೇಕಾರನಂತೆ ಪರತಂತ್ರನಾಗುವನು. ನೂಲು ಇದ್ದಂತೆ ಬಟ್ಟೆ. ನೂಲನ್ನು ಮೀರಿ ನೇಯುವ ಶಕ್ತಿ ನೇಕಾರನಿಗಿಲ್ಲ. ಕರ್ಮವೇ ಎಲ್ಲವನ್ನೂ ನಿರ್ಣಯಿಸುವುದಾದರೆ ನಡುವೆ ಒಬ್ಬ ಈಶ್ವರನೇಕೆ?

ಈ ವಾದವು ಲೋಕದಲ್ಲಿ ವ್ಯವಸ್ಥೆಯಿಲ್ಲವೆಂದು ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಜೈನರ ಲೋಕವು ಅನಾದಿ. ಅದಕ್ಕೆ ಕರ್ತೃವಿಲ್ಲ, ಆದರೆ ನಿಯಮವುಂಟು. ಜಿನಸೇನನ ಪುರಾಣವನ್ನು ಆಧರಿಸಿ ಕ್ರಿ.ಶ. ೯೪೧ರಲ್ಲಿ ಪಂಪನು ಕನ್ನಡದಲ್ಲಿ ಆದಿಪುರಾಣವನ್ನು ರಚಿಸಿದನು. ಕಲ್ಪವೃಕ್ಷಗಳ ಕಾಲ ಕಳೆದು ಜನರು ದಿಕ್ಕುಗಾಣದೆ ನಿಂತಾಗ ಆದಿದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಕಲಿಸಿದನೆಂಬುದು ಆ ಕಥೆಯ ಒಂದು ಮುಖ್ಯಭಾಗ. ಅದಕ್ಕಾಗಿಯೇ ಆತನಿಗೆ ಆದಿಬ್ರಹ್ಮ, ಪ್ರಜಾಪತಿ ಮುಂತಾದ ಹೆಸರುಗಳು ಸಲ್ಲುತ್ತವೆ. ಸೃಷ್ಟಿಕರ್ತನಿಗೆ ಸಲ್ಲುತ್ತಿದ್ದ ಬಿರುದುಗಳು ಇಲ್ಲಿ ಗುರುವಿಗೆ ಸಂದಿವೆ. ಲೋಕವನ್ನು ಮಾಡಿದವನಿಗಿಂತ ಲೋಕದಲ್ಲಿ ಬಾಳುವುದನ್ನು ಕಲಿಸಿದವನೇ ಪೂಜ್ಯನೆಂಬುದು ಇದರ ಧ್ವನಿ. ಮನುಷ್ಯನ ಸುಖದುಃಖಗಳ ಹೊಣೆಯನ್ನು ಪೂರ್ತಿಯಾಗಿ ಮನುಷ್ಯನ ಮೇಲೆಯೇ ಇಡುವ ಈ ದೃಷ್ಟಿಯ ನೈತಿಕಗಾಂಭೀರ್ಯವನ್ನು ಅಲ್ಲಗಳೆಯಲಾಗದು. ಈಶ್ವರವಾದಿಯು ಇದಕ್ಕೆ ಉತ್ತರ ಹೇಳಬೇಕಾದರೆ ಎರಡು ಕೆಲಸಗಳನ್ನು ಮಾಡಬೇಕು: ಕರ್ಮವನ್ನು ಅನುಸರಿಸಿದರೂ ಈಶ್ವರನು ಪರತಂತ್ರನಲ್ಲವೆಂದು ತೋರಿಸಬೇಕು, ಈಶ್ವರನು ನಡೆಸಿದರೂ ಮನುಷ್ಯನ ಹೊಣೆ ತಪ್ಪದೆಂದು ತೋರಿಸಬೇಕು.

೪

ಮೊದಲನೆಯ ಕೆಲಸವು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ನಡೆದಿದೆ. ಒಬ್ಬನನ್ನು ಸುಖಿಯಾಗಿಯೂ ಮತ್ತೊಬ್ಬನನ್ನು ದುಃಖಿಯಾಗಿಯೂ ಮಾಡುವ ಈಶ್ವರನಿಗೆ ವೈಷಮ್ಯ, ನೈರ್ಘೃಣ್ಯ ಎಂಬ ಎರಡು ದೋಷಗಳು, ಎಂದರೆ ಪಕ್ಷಪಾತವೂ ನಿರ್ದಯತೆಯೂ, ಅಂಟುವುವೆಂಬುದು ಪೂರ್ವಪಕ್ಷ. ಶಂಕರಾಚಾರ್ಯರು ಮಳೆಯ ಹೋಲಿಕೆಯಿಂದ ಇದನ್ನು ಪರಿಹರಿಸಿರುವರು. ಬತ್ತಕ್ಕೂ ಜವೆಗೋದಿಗೂ ಮಳೆ ಸಾಮಾನ್ಯಕಾರಣ. ಬತ್ತವು ಬತ್ತವಾಗುವುದಕ್ಕೂ ಜವೆಯು ಜವೆಯಾಗುವುದಕ್ಕೂ ಬೀಜಗಳು ವಿಶೇಷಕಾರಣ. ಮಳೆಯಿಲ್ಲದೆ ಯಾವುದೂ ಮೊಳೆಯದು. ಆದರೂ ಬೆಳೆಯ ವ್ಯತ್ಯಾಸಕ್ಕಾಗಿ ಮಳೆಯನ್ನು ದೂರುವಂತಿಲ್ಲ. ಸಂಸಾರವು ಅನಾದಿಯಾದ್ದರಿಂದ, ಕರ್ಮವಿಲ್ಲದ ಮೊದಲನೆಯ ಸೃಷ್ಟಿಯೊಂದಿತ್ತೇ ಎಂಬ ಪ್ರಶ್ನೆಗೂ ಅವಕಾಶವಿಲ್ಲ.

ನೇಕಾರನ ಆಕ್ಷೇಪಕ್ಕೆ ಇನ್ನೂ ನೇರವಾದ ಉತ್ತರವು ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಬಳಿಯ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರ ಸಿದ್ಧಾಂತದಲ್ಲಿ ದೊರೆಯುತ್ತದೆ. ನೇಕಾರನಿಗೆ ನೂಲು ಬೇರೆಯವರಿಂದ ಬರುತ್ತದೆ. ನೂಲಿನ ಇರವು ಅವನ ಅಧೀನವಲ್ಲ. ಈಶ್ವರನ ವಿಷಯದಲ್ಲಾದರೋ ಕರ್ಮ, ಕಾಲ, ಸ್ವಭಾವ, ಜೀವರು ಎಲ್ಲದರ ಸತ್ತೆಯೂ ಪ್ರವೃತ್ತಿಯೂ ಅವನ ಅಧೀನವಾಗಿವೆ. ಅವನು ಉಪೇಕ್ಷಿಸಿದರೆ ಅವು ಇಲ್ಲವೇ ಆಗುವುವೆಂಬ ಭಾಗವತದ ಅಭಿಪ್ರಾಯವು ಈ ಸಿದ್ಧಾಂತಕ್ಕೆ ಆಧಾರ. ತನ್ನ ಅಧೀನವಾದುದನ್ನು ತಾನು ಅನುಸರಿಸುವುದು ಪಾರತಂತ್ರ್ಯವಲ್ಲ. ಮಧ್ವಮತದಲ್ಲಿ ಈಶ್ವರನು ಜಗತ್ತಿಗೆ ಉಪಾದಾನಕಾರಣನಲ್ಲ; ಪ್ರಕೃತಿಯು ಉಪಾದಾನ. ಹೀಗಿದ್ದರೂ ಅವನು ಲೋಕಕ್ಕೆ ದೂರವಾಗಲಿಲ್ಲ. ಸಾಮೀಪ್ಯಕ್ಕೆ ಕಾರಣವಾದುದು ಉಪಾದಾನತ್ವವಲ್ಲ, ಎಡೆಬಿಡದ ನಿಯಮನವೆಂಬುದು ಇದರಿಂದ ತಿಳಿದುಬರುತ್ತದೆ.

ಈಶ್ವರನ ಕೃತ್ಯಗಳನ್ನು ಎಣಿಸಿರುವ ಬಗೆಯನ್ನು ನೋಡಿದರೆ ಇದು ಮತ್ತಷ್ಟು ಸ್ಪಷ್ಟವಾಗುವುದು. ಬ್ರಹ್ಮಸೂತ್ರಗಳಲ್ಲಿ ಎರಡನೆಯದು ಜಗತ್ತಿನ ಜನ್ಮಾದಿಗಳಿಗೆ ಕಾರಣವಾದುದೇ ಬ್ರಹ್ಮವೆಂದು ಲಕ್ಷಣ ಹೇಳುತ್ತದೆ. 'ಜನ್ಮಾದಿ' ಎಂಬಲ್ಲಿ 'ಆದಿ' ಶಬ್ದದಿಂದ ಏನೇನನ್ನು ಗ್ರಹಿಸಬೇಕು? ಶಂಕರರು ಹುಟ್ಟು, ಇರವು, ಅಳಿವು ಎಂಬ ಮೂರನ್ನು ಗ್ರಹಿಸುವರು. ಶೈವಾಗಮಗಳಲ್ಲಿ ಶಿವನಿಗೆ ಐದು ಕೃತ್ಯಗಳನ್ನು ಹೇಳಿದೆ: ಸೃಷ್ಟಿ, ಸ್ಥಿತಿ, ಸಂಹಾರ, ತಿರೋಧಾನ, ಅನುಗ್ರಹ. ಮಧ್ವಾಚಾರ್ಯರು ಎಂಟನ್ನು ಎಣಿಸುವರು: ಸೃಷ್ಟಿ, ಸ್ಥಿತಿ, ಸಂಹಾರ, ನಿಯಮನ, ಜ್ಞಾನ, ಅಜ್ಞಾನ, ಬಂಧ, ಮೋಕ್ಷ. ಮೂರು ಐದಾಗಿ ಎಂಟಾದುದು ಕೇವಲ ಸಂಖ್ಯಾವೃದ್ಧಿಯಲ್ಲ. ಮೊದಲ ಮೂರು ಕೃತ್ಯಗಳು ಲೋಕಕ್ಕೆ ಸಂಬಂಧಪಟ್ಟವು. ಶೈವರು ಸೇರಿಸಿದ ಎರಡೂ ಜೀವನಿಗೆ ಸಂಬಂಧಪಟ್ಟವು. ಮರೆಮಾಡುವುದು ತಿರೋಧಾನ, ಮರೆಯನ್ನು ತೆಗೆದು ಕೈಹಿಡಿಯುವುದು ಅನುಗ್ರಹ. ಮಧ್ವರ ಎಣಿಕೆಯ ಕೊನೆಯ ನಾಲ್ಕು ಕೃತ್ಯಗಳೂ ಹಾಗೆಯೇ ಜೀವನ ಒಳಬಾಳಿಗೆ ಸೇರಿದವು. ಬೆಟ್ಟವನ್ನೂ ಕಡಲನ್ನೂ ಮಾಡುವ ಕೃತ್ಯವೂ, ಒಬ್ಬನ ಅರಿವು ಮಸುಕಾಗುವುದೂ ತಿಳಿಯಾಗುವುದೂ ಒಂದೇ ಕರ್ತೃತ್ವದ ಭಾಗಗಳೆಂದು ಈ ಎರಡು ಪಂಥಗಳೂ ಎಣಿಸಿದುವು. ಸೃಷ್ಟಿಕರ್ತೃತ್ವವನ್ನೂ ಮಾನವಜೀವನದಲ್ಲಿ ಈಶ್ವರನ ವ್ಯಾಪಾರವನ್ನೂ ಎರಡು ಬೇರೆ ಬೇರೆ ವಿಷಯಗಳೆಂದು ಭಾವಿಸುವುದು ಇಲ್ಲಿ ಸಲ್ಲದು.

೫

ಅಜ್ಞಾನವನ್ನೂ ಬಂಧವನ್ನೂ ಈಶ್ವರಕೃತ್ಯಗಳಲ್ಲಿ ಸೇರಿಸಿದುದರಿಂದ ಎರಡನೆಯ ಕೆಲಸವು ಮತ್ತಷ್ಟು ಕಠಿನವಾಗುವುದು. ಜೀವನು ತಪ್ಪು ಮಾಡಿದರೆ ಆ ತಪ್ಪು ಯಾರದು? ಬಡಗಿಯ ದೃಷ್ಟಾಂತವು ಇಲ್ಲಿ ಬರುತ್ತದೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನು ಕರ್ತೃವೇ ಹೌದೆಂದು ಮೊದಲು ಸ್ಥಾಪಿಸಿದೆ. ಅಲ್ಲವಾದರೆ ಇದನ್ನು ಮಾಡು, ಇದನ್ನು ಮಾಡಬೇಡ ಎಂಬ ಶಾಸ್ತ್ರವಾಕ್ಯಗಳು ವ್ಯರ್ಥವಾಗುವುವು. ಅನಂತರ ಆ ಕರ್ತೃತ್ವದ ಸ್ವರೂಪವನ್ನು ತಿಳಿಸಲು ಬಡಗಿಯನ್ನು ಹೆಸರಿಸಿದೆ. ಸೂತ್ರದಲ್ಲಿ ಬಡಗಿಯ ಹೆಸರಿದೆಯೇ ಹೊರತು ಅವನು ಏನು ಮಾಡಿದನೆಂಬ ವಿವರವಿಲ್ಲ. ಆದ್ದರಿಂದ ಒಬ್ಬನೇ ಬಡಗಿಯು ಮೂವರು ಭಾಷ್ಯಕಾರರ ಕೈಯಲ್ಲಿ ಮೂರು ಬಗೆಯಾಗಿ ಕಾಣಿಸಿಕೊಂಡನು.

ಶಂಕರರ ಬಡಗಿಯು ಬಾಚಿ ಮೊದಲಾದ ಉಪಕರಣಗಳನ್ನು ಹಿಡಿದು ದುಡಿಯುವಾಗ ದುಃಖಿ. ಅವುಗಳನ್ನು ಕೆಳಗಿಟ್ಟು ಮನೆಗೆ ಬಂದಾಗ ಸುಖಿ. ಹಾಗೆಯೇ ಆತ್ಮನಿಗೆ ಕರ್ತೃತ್ವವು ಉಪಾಧಿಯಿಂದ ಬಂದುದೇ ಹೊರತು ಸ್ವಭಾವವಲ್ಲ. ಮೇಲುಕೋಟೆಯಲ್ಲಿ ನೆಲಸಿ ಕನ್ನಡನಾಡಿಗೆ ಹತ್ತಿರದವರಾದ ರಾಮಾನುಜಾಚಾರ್ಯರ ಬಡಗಿಯು ಉಪಕರಣಗಳು ಹತ್ತಿರವಿದ್ದರೂ ಬೇಕೆನಿಸಿದಾಗ ಕೆಲಸ ಮಾಡುವನು, ಬೇಡವೆನಿಸಿದಾಗ ಸುಮ್ಮನಿರುವನು. ಇಚ್ಛೆಯುಳ್ಳವನೇ ಕರ್ತೃವೆಂಬುದು ಇದರ ಸಾರ. ಮಧ್ವರ ಬಡಗಿಯು ಮಾಡಿಸುವವನೊಬ್ಬನ ಅಧೀನನು. ಆದರೂ ಮರವನ್ನು ಕೆತ್ತುವವನು ಬಡಗಿಯೇ. ಜೀವನ ಕರ್ತೃತ್ವವು ನಿಜ, ಆದರೆ ಅದು ಮತ್ತೊಬ್ಬನಿಂದ ನಿಯತವಾದುದು.

ಈ ನಿಯತತ್ವವನ್ನು ವಿವರಿಸಲು ರಾಮಾನುಜರು ವ್ಯವಹಾರದಿಂದ ಮತ್ತೊಂದು ಹೋಲಿಕೆಯನ್ನು ತೆಗೆದುಕೊಂಡಿರುವರು. ಇಬ್ಬರಿಗೆ ಸೇರಿದ ಸ್ವತ್ತನ್ನು ಒಬ್ಬನು ಪರರಿಗೆ ಕೊಡಬೇಕಾದರೆ ಮತ್ತೊಬ್ಬನ ಅನುಮತಿ ಬೇಕು. ಆದರೂ ಕೊಡುವ ಉದ್ಯಮವನ್ನು ಮಾಡಿದವನು ಮೊದಲನೆಯವನೇ ಆದ್ದರಿಂದ ಫಲವು ಅವನದು. ಜೀವನ ಮೊದಲ ಪ್ರಯತ್ನವನ್ನು ನೋಡಿ ಈಶ್ವರನು ಅನುಮತಿಯನ್ನು ಕೊಡುತ್ತಾನೆ. ಅನುಮತಿಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು. ಆದರೆ ಅನುಮತಿಯು ಪ್ರಯತ್ನವನ್ನು ಅಳಿಸುವುದಿಲ್ಲ. ಪರಮಾತ್ಮನು ಜೀವನು ಮಾಡಿದ ಪ್ರಯತ್ನವನ್ನು ಅಪೇಕ್ಷಿಸಿಯೇ ಮಾಡಿಸುವನೆಂದು ಸೂತ್ರಕಾರರೂ ಹೇಳಿರುವರು. ಭಾಷ್ಯಕಾರರು ಎಷ್ಟೋ ವಿಷಯಗಳಲ್ಲಿ ಬೇರೆಯಾದರೂ, ವಿಧಿನಿಷೇಧಗಳು ಸಾರ್ಥಕವಾಗಬೇಕೆಂಬ ಒಂದು ಮಾತನ್ನು ಮೂವರೂ ಬಿಟ್ಟುಕೊಟ್ಟಿಲ್ಲ. ಜಿನಸೇನನು ರಕ್ಷಿಸಬಯಸಿದ ಮನುಷ್ಯನ ಹೊಣೆಯು ಇಲ್ಲಿಯೂ ರಕ್ಷಿತವಾಗಿದೆ.

೬

ಶಾಸ್ತ್ರದ ಈ ವಿಚಾರವು ಕನ್ನಡ ಕವಿಗಳಲ್ಲಿಯೂ ವಚನಕಾರರಲ್ಲಿಯೂ ಬೇರೆ ರೂಪದಿಂದ ಮುಂದುವರಿದಿದೆ. ಅಲ್ಲಿ ಕುಂಬಾರನೂ ನೇಕಾರನೂ ದೃಷ್ಟಾಂತಗಳಾಗಿ ಉಳಿಯದೆ ಮನುಷ್ಯರಾಗಿಯೇ ಬರುವರು. ಹರಿಹರನ 'ಕುಂಬಾರ ಗುಂಡಯ್ಯನ ರಗಳೆ'ಯಲ್ಲಿ ಗುಂಡಯ್ಯನು ತಾನು ಮಾಡಿದ ಮಡಕೆಯನ್ನು ಬಾರಿಸುತ್ತ ಭಕ್ತಿಪರವಶನಾಗಿ ಕುಣಿಯುವನು. ಆ ನಾದಕ್ಕೆ ಮನಸೋತು ಶಿವನೇ ಅಲ್ಲಿಗೆ ಬಂದು ಕುಣಿಯುವನು. ನೈಯಾಯಿಕನು ಮಡಕೆಯಿಂದ ಕುಂಬಾರನನ್ನೂ, ಲೋಕದಿಂದ ಈಶ್ವರನನ್ನೂ ಊಹಿಸಿದನು. ಹರಿಹರನಲ್ಲಿ ಊಹೆಗೆ ಕೆಲಸವಿಲ್ಲ. ಲೋಕವನ್ನು ಮಾಡಿದವನು ಮಡಕೆಯನ್ನು ಮಾಡಿದವನ ಅಂಗಳಕ್ಕೆ ತಾನೇ ಬಂದಿರುವನು. ಪಂಚಕೃತ್ಯಗಳಲ್ಲಿ ಕೊನೆಯದಾದ ಅನುಗ್ರಹಕ್ಕೆ ಇದಕ್ಕಿಂತ ಸುಲಭವಾದ ವ್ಯಾಖ್ಯಾನ ದೊರೆಯುವುದು ಕಷ್ಟ.

ಬಸವಣ್ಣನವರಿಗಿಂತ ಹಿಂದಿನವನೆಂದು ಪ್ರಸಿದ್ಧನಾದ ಜೇಡರ ದಾಸಿಮಯ್ಯನು ಕಸುಬಿನಿಂದ ನೇಕಾರ. ಜಿನಸೇನನ ದೃಷ್ಟಾಂತದಲ್ಲಿ ನೇಕಾರನು ಪಾರತಂತ್ರ್ಯಕ್ಕೆ ಉದಾಹರಣೆ. ದಾಸಿಮಯ್ಯನಿಗೆ ಆ ಪಾರತಂತ್ರ್ಯವು ತನ್ನದೇ ಅನುಭವ. ನೆಲ, ಬೆಳೆ, ಗಾಳಿಗಳೆಲ್ಲ ರಾಮನಾಥನ ದಾನವೆಂದು ಅವನು ಹೇಳುವಾಗ ಅದು ಲೋಕೋತ್ಪತ್ತಿಯ ಸಿದ್ಧಾಂತವಲ್ಲ, ದಿನದಿನವೂ ಉಂಡು ಉಸಿರಾಡುವವನ ಕೃತಜ್ಞತೆ. ದಾನವೆಂಬ ಶಬ್ದವು ಸೃಷ್ಟಿಯನ್ನು ವರ್ತಮಾನಕ್ಕೆ ತರುತ್ತದೆ. ಕೊಡುವವನು ಈಗಲೂ ಕೊಡುತ್ತಿರುವನು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮಾನವಿಯ ಜಗನ್ನಾಥದಾಸರು ರಚಿಸಿದ 'ಹರಿಕಥಾಮೃತಸಾರ'ವು ಮಧ್ವರ ಅಷ್ಟಕರ್ತೃತ್ವವನ್ನು ಭಾಮಿನೀಷಟ್ಪದಿಗೆ ಇಳಿಸಿದ ಗ್ರಂಥ. ಅದರ ಸಂಧಿಗಳ ಕ್ರಮವು ವಿಚಾರಾರ್ಹವಾಗಿದೆ. ಮಂಗಳಾಚರಣೆಯ ಅನಂತರ ಬರುವುದು ಕರುಣಾಸಂಧಿ, ಆಮೇಲೆ ವ್ಯಾಪ್ತಿಸಂಧಿ, ಅದರ ಬೆನ್ನಿಗೆ ಭೋಜನರಸವಿಭಾಗಸಂಧಿ. ಮೊದಲು ಈಶ್ವರನ ಕರುಣೆ, ಅನಂತರ ಅವನು ಎಲ್ಲೆಡೆಯೂ ಇರುವಿಕೆ, ಅನಂತರ ಎಲೆಯ ಮೇಲಿನ ಅನ್ನದಲ್ಲಿ ಅವನ ಸನ್ನಿಧಿ. ನಿಯಮನವೆಂಬ ಶಾಸ್ತ್ರೀಯ ಶಬ್ದವು ಊಟದ ಪಂಕ್ತಿಯವರೆಗೆ ಬಂದುದು ಹೀಗೆ.

ಹೊಣೆಯ ಪ್ರಶ್ನೆಯನ್ನು ಅತ್ಯಂತ ಹೃದಯಸ್ಪರ್ಶಿಯಾಗಿ ನಿರೂಪಿಸಿದವನು ಕುಮಾರವ್ಯಾಸ. ಗದುಗಿನ ಭಾರತದಲ್ಲಿ ಕೃಷ್ಣನು ಸರ್ವನಿಯಾಮಕನೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಉದ್ಯೋಗಪರ್ವದಲ್ಲಿ ಅವನು ಕರ್ಣನನ್ನು ಪ್ರತ್ಯೇಕವಾಗಿ ಕಂಡು ಅವನ ಜನ್ಮರಹಸ್ಯವನ್ನು ತಿಳಿಸುವನು. ಇಲ್ಲಿ ನಿಯಮನವು ಬಲಾತ್ಕಾರದ ರೂಪದಿಂದ ಬರುವುದಿಲ್ಲ, ಜ್ಞಾನದ ರೂಪದಿಂದ ಬರುತ್ತದೆ. ಅಷ್ಟಕರ್ತೃತ್ವದಲ್ಲಿ ಜ್ಞಾನವೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಆ ಜ್ಞಾನದಿಂದ ಕರ್ಣನ ಬಾಳು ಬುಡಮೇಲಾಗುತ್ತದೆ. ತನ್ನ ಒಡೆಯನ ಅಳಿವು ಸಮೀಪಿಸಿತೆಂಬುದೂ ಅವನಿಗೆ ಹೊಳೆಯುತ್ತದೆ. ಆದರೂ ಅವನು ಕೌರವನನ್ನು ಬಿಡಲೊಪ್ಪದೆ, ಒಡೆಯನಿಗಾಗಿ ಪ್ರಾಣವನ್ನು ತೆರಲು ನಿಶ್ಚಯಿಸುವನು. ಕೃಷ್ಣನು ಎಲ್ಲವನ್ನೂ ನಡೆಸಿದನು. ನಿಶ್ಚಯಿಸಿದವನು ಮಾತ್ರ ಕರ್ಣನೇ. ಕೃಷ್ಣನ ಪ್ರಭುತ್ವವನ್ನಾಗಲಿ ಕರ್ಣನ ನಿಶ್ಚಯವನ್ನಾಗಲಿ ಕವಿಯು ಕುಗ್ಗಿಸಿಲ್ಲ. ಎರಡರಲ್ಲಿ ಒಂದು ಇಲ್ಲವಾಗಿದ್ದರೂ ಆ ಪ್ರಸಂಗದ ಕರುಣರಸವು ಬತ್ತಿಹೋಗುತ್ತಿತ್ತು. ಕರ್ಣನು ಬರಿಯ ಸೂತ್ರದ ಬೊಂಬೆಯಾಗಿದ್ದರೆ ಅವನಿಗಾಗಿ ಮರುಗುವವರಾರು? ಕೃಷ್ಣನು ಬರಿಯ ದೂತನಾಗಿದ್ದರೆ ಕರ್ಣನ ನಿಶ್ಚಯಕ್ಕೆ ಆ ಮಹತ್ತ್ವವೆಲ್ಲಿಯದು?

ಆದಕಾರಣ 'ಕರ್ತಾರ' ಎಂಬ ಪದಕ್ಕೆ ಅರ್ಥ ಹೇಳುವಾಗ 'ಮಾಡಿದವನು' ಎಂಬಲ್ಲಿಗೆ ನಿಲ್ಲಿಸುವುದು ಯುಕ್ತವಲ್ಲ. ಮಾಡಿ, ಹಿಡಿದು, ಒಳಗಿದ್ದು ನಡೆಸುತ್ತಿರುವವನು ಎಂದು ವಿಸ್ತರಿಸಬೇಕು. ಹಾಗೆ ವಿಸ್ತರಿಸುವಾಗಲೇ, ಬಾಚಿಯನ್ನು ಹಿಡಿದ ಬಡಗಿಯನ್ನೂ ಮರೆಯದಿರಬೇಕು. ಮರವನ್ನು ಕೆತ್ತುವ ಕೈ ಅವನದು. ಕೆತ್ತನೆ ಕೆಟ್ಟರೆ ಉತ್ತರ ಹೇಳಬೇಕಾದವನೂ ಅವನೇ.